ಬಾವಿಗೆ ಬೀಳದವಳು

ಹನುಮಂತಮ್ಮನ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದ ಶಂಕ್ರಮ್ಮ, ಬಾಗಿಲಲ್ಲಿ ಯಾರೋ ನಿಂತದ್ದನ್ನು ಕಂಡು ಕೈ ನಿಲ್ಲಿಸಿದಳು. ನ್ಯಾಮತಿಯ ಶಾಲೆಯ ಬಯಲಿನಲ್ಲಿ ನಾಟಕ ಆಗಷ್ಟೇ ಮುಗಿದಿತ್ತು. ಹೊರಗೆ ಹೆಂಗಸರು ಚಾಪೆ ಕೊಡವಿ ಮಡಿಸುತ್ತ, ಮಕ್ಕಳನ್ನು ಕೂಗಿ ಕರೆಯುತ್ತ ಇದ್ದರು. ಬಾಗಿಲಲ್ಲಿದ್ದವಳಿಗೆ ಐವತ್ತರ ಹತ್ತಿರ. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮುಂಗೈಗೆ ಮೆತ್ತಿದ ಜೋಳದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ನಾಟಕ ಬರೆದೋರು ನೀವೇನ್ರಿ?" ಎಂದಳು.

ಕಥೆ ಚನ್ನಗಿರಿಯ ಮುರುಗೇಶಪ್ಪ ಮೇಷ್ಟ್ರದು, ಅದನ್ನು ನಾಟಕ ಮಾಡಿದ್ದು ಮಾತ್ರ ತಾನು ಎಂದು ಶಂಕ್ರಮ್ಮ ಯಾವಾಗಲೂ ಹೇಳುವಂತೆ ಹೇಳಿದಳು.

"ಮೇಷ್ಟ್ರು ಗೊತ್ತು ಬಿಡ್ರಿ, ಅವರ ಕಥೆನೂ ಓದಿಸಿ ಕೇಳೀನಿ. ಆ ಬಾವಿ ದಂಡೆ ಮೇಲೆ ನಿಂತಿದ್ದೋಳು ನಾನೇ." ಹೆಂಗಸು ಇದನ್ನು ನಾಚಿಕೆಯಿಂದಲೂ ಹೇಳಲಿಲ್ಲ, ಹೆಮ್ಮೆಯಿಂದಲೂ ಹೇಳಲಿಲ್ಲ. "ಅವರು ನನ್ನ ಸಾಯಿಸಿದ್ರು. ನೀವು ಬದುಕಿಸಿದ್ರಿ. ಆದ್ರೆ ಇಬ್ರೂ ಕೂಸನ್ನ ಕಥೆಯಿಂದ್ಲೇ ತೆಗೆದುಬಿಟ್ರಲ್ಲ, ಯಾಕ್ರಿ?"

ಹೆಂಗಸು, ಒಲೆ ಮೇಲೆ ಸಾರು ಇಟ್ಟು ಬಂದಿದ್ದೇನೆ, ಬಸ್‌ಸ್ಟಾಂಡಿನ ಹಿಂದೆ ಗಾದ್ರಮ್ಮನ ಖಾನಾವಳಿ ಎಂದರೆ ಯಾರಾದರೂ ತೋರಿಸುತ್ತಾರೆ ಎಂದು ಹೇಳಿ ಹೊರಟುಹೋದಳು.

ಶಂಕ್ರಮ್ಮ ಹೊನ್ನಾಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡದ ಟೀಚರು. ಜೊತೆಯ ಟೀಚರುಗಳು, ಹೊಲಿಗೆಯ ಹನುಮಂತಮ್ಮ, ಅಂಗನವಾಡಿಯ ಒಂದಿಬ್ಬರು ಇವರನ್ನೆಲ್ಲ ಕಟ್ಟಿಕೊಂಡು ಎಪ್ಪತ್ತೈದರ ಆಚೀಚೆ ಶುರು ಮಾಡಿದ ಹೆಂಗಸರ ತಂಡ ಅದು. ಗಂಡಸರ ಪಾತ್ರವನ್ನೂ ಅವರೇ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಮಾಡುತ್ತಿದ್ದರು. ನೋಡಲು ಬಂದ ಹೆಂಗಸರು ಕತ್ತಲಾಗುವುದರೊಳಗೆ ಮನೆ ಸೇರಲಿ ಎಂದು ನಾಟಕ ಮಧ್ಯಾಹ್ನವೇ ನಡೆಯುತ್ತಿತ್ತು. ಶಂಕ್ರಮ್ಮ ಸ್ವಂತ ಕಥೆ ಕಟ್ಟುವವಳಲ್ಲ. ಅಚ್ಚಾದ ಕಥೆಗಳನ್ನು ಆರಿಸಿ ನಾಟಕಕ್ಕೆ ತಿರುಗಿಸುವವಳು. ಕಥೆಗಳಲ್ಲಿ ಹೆಂಗಸರು ಸಾಯುವ ಬಗೆಗಳು ಓದಿ ಓದಿ ಅವಳಿಗೆ ಬಾಯಿಪಾಠವಾಗಿದ್ದವು. ಬಾವಿ, ಹಗ್ಗ, ಹೆರಿಗೆ, ಇಲ್ಲವೆಂದರೆ ಕ್ಷಯ. ತನ್ನ ನಾಟಕದಲ್ಲಿ ಒಬ್ಬಳನ್ನೂ ಸಾಯಲು ಬಿಡುವುದಿಲ್ಲ ಎಂಬ ಹಠ ಯಾವಾಗ ಹುಟ್ಟಿತೋ ಅವಳಿಗೂ ನೆನಪಿಲ್ಲ. ಕಥೆ ಕೆಡಿಸುವ ಟೀಚರು ಎಂದು ಕೆಲವರು ಆಡಿಕೊಂಡರು. ಗಂಡ ಮಲ್ಲೇಶಪ್ಪ ಆ ಮಾತು ಕೇಳಿ ಬಂದ ದಿನ ನಗುತ್ತಲೇ ಅದನ್ನು ಅವಳಿಗೆ ಒಪ್ಪಿಸುತ್ತಿದ್ದ.

ಮುರುಗೇಶಪ್ಪನವರ ಕಥೆಯಲ್ಲಿ ಗಂಡನ ಹೊಡೆತ ತಾಳಲಾರದ ನೀಲವ್ವ ಎಂಬ ಸೊಸೆ ನೀರಿಗೆ ಹೋದವಳು ಬಾವಿಗೆ ಬೀಳುತ್ತಾಳೆ. ಶಂಕ್ರಮ್ಮನ ನಾಟಕದಲ್ಲಿ ಅವಳು ಕೊಡವನ್ನು ದಂಡೆಯ ಮೇಲಿಟ್ಟು, ರಂಗದಿಂದ ಇಳಿದು, ನೋಡುವವರ ನಡುವೆಯೇ ಹಾದು ಹೋಗುತ್ತಾಳೆ. ಹೆಂಗಸರು ಜರುಗಿ ದಾರಿ ಬಿಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಮುರುಗೇಶಪ್ಪನವರು ಒಮ್ಮೆ ನೋಡಿ, ಬದುಕಿಸಿದ್ದು ಸರಿಯೇ, ಆದರೆ ಅವಳು ಎಲ್ಲಿಗೆ ಹೋಗುತ್ತಾಳೆಂದು ನಿನಗೇ ಗೊತ್ತಿಲ್ಲವಲ್ಲ ಎಂದಿದ್ದರು. ಈಗ ಬೆಂಗಳೂರಿನ ಟೀವಿಯವರು ಶಿವಮೊಗ್ಗದಲ್ಲಿ ಆ ನಾಟಕ ನೋಡಿ, ತಮಗೆ ಬರೆದುಕೊಡಿ ಎಂದು ಕೇಳಿದ್ದರು. ಮೇಷ್ಟ್ರ ಮಾತಿಗೆ ಉತ್ತರ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತ್ತು.

ಮರುವಾರ ಶಂಕ್ರಮ್ಮ ಖಾನಾವಳಿಗೆ ಹೋದಳು. ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ಗಾದ್ರಮ್ಮ ರಾತ್ರಿಗೆ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ಅವಳ ತವರು ಜಗಳೂರಿನ ಕಡೆಯ ಸೊಕ್ಕೆ, ಕೊಟ್ಟದ್ದು ಉಬ್ರಾಣಿಗೆ. ಗಂಡ ಬೆನಕಪ್ಪ ಕುಡಿಯುವವನಲ್ಲ, ಇಸ್ಪೀಟಾಡುವವನಲ್ಲ, ಊರೆಲ್ಲ ಒಳ್ಳೆಯವನೆನ್ನುತ್ತಿದ್ದ ಮನುಷ್ಯ. ಮನೆಯೊಳಗೆ ಮಾತ್ರ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಎರಡು ಸಲ ತವರಿಗೆ ಓಡಿಹೋದಾಗಲೂ ಅಪ್ಪ ಬುದ್ಧಿ ಹೇಳಿ ಗಾಡಿ ಕಟ್ಟಿಸಿ ವಾಪಸು ಕಳಿಸಿದ್ದ. ಮೂರನೆಯ ಸಲ ಅವಳು ಕೊಡವನ್ನು ಬಾವಿ ದಂಡೆಯ ಮೇಲೆ ಬಿಟ್ಟು, ತವರಿನ ದಿಕ್ಕು ಬಿಟ್ಟು ನಡೆದಳು. ಸವಳಂಗದ ಕಡೆ ಕೂಲಿ ಮಾಡಿ, ಆಮೇಲೆ ನ್ಯಾಮತಿಗೆ ಬಂದು ಬೇರೆಯವರ ಖಾನಾವಳಿಯಲ್ಲಿ ಪಾತ್ರೆ ತೊಳೆದು, ಕಡೆಗೆ ಇದನ್ನು ನಡೆಸತೊಡಗಿದ್ದಳು. ಉಬ್ರಾಣಿಯವರು ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿ ಹುಡುಕಿದರಂತೆ. ಹೆಣ ಸಿಗದಿದ್ದರೂ ತಳದಲ್ಲಿ ಕೆಸರು ಬಹಳ ಎಂದು ಹೇಳಿ ತಿಥಿ ಮಾಡಿಬಿಟ್ಟರಂತೆ. ಇದನ್ನೆಲ್ಲ ಅವಳಿಗೆ ಹೇಳಿದ್ದು ಊಟಕ್ಕೆ ಬರುತ್ತಿದ್ದ ಉಬ್ರಾಣಿ ಕಡೆಯ ಲಾರಿ ಡ್ರೈವರು. ತಾನು ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

"ಕೂಸಿಗೆ ಎಷ್ಟು ವಯಸ್ಸಾಗಿತ್ತು?" ಎಂದು ಶಂಕ್ರಮ್ಮ ಕೇಳಿದಳು.

"ಮಾತು ಬಂದಿತ್ತು." ಗಾದ್ರಮ್ಮ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ ನೀರು ಸವರಿದಳು. "ದ್ಯಾಮಮ್ಮ ಅಂತ ಹೆಸರು. ಮಲಗಿತ್ತು, ಬಿಟ್ಟು ಬಂದೆ. ಕೂಸು ತಗೊಂಡು ಹೋಗಿದ್ರೆ ಹುಡುಕ್ಕೊಂಡು ಬರ್ತಿದ್ರು ನೋಡ್ರಿ. ನಾನೊಬ್ಳೇ ಹೋದ್ರೆ ಯಾರು ಹುಡುಕ್ತಾರೆ?"

ಆ ಡ್ರೈವರು ಹೇಳಿದಂತೆ ದ್ಯಾಮಮ್ಮನನ್ನು ಜಗಳೂರಿಗೆ ಕೊಟ್ಟಿದ್ದರು, ಅವಳಿಗೂ ಒಬ್ಬ ಮಗಳಿದ್ದಳು. ಒಮ್ಮೆ ಹೋಗಿ ನೋಡಬಾರದೇ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ ಎಂದಳು ಶಂಕ್ರಮ್ಮ. ಸತ್ತವಳು ಹೋಗಿ ಬಾಗಿಲು ಬಡಿದರೆ ಯಾರಾದರೂ ತೆಗೆಯುತ್ತಾರೆಯೇ ಎಂದು ಗಾದ್ರಮ್ಮ ಕೇಳಿದಳು.

ಟೀವಿಗೆ ಮೂಲ ಕಥೆಗಾರರ ಒಪ್ಪಿಗೆ ಬೇಕಾಗಿತ್ತು. ಶಂಕ್ರಮ್ಮ ಚನ್ನಗಿರಿಗೆ ಹೋದಳು. ರಿಟೈರಾಗಿದ್ದ ಮುರುಗೇಶಪ್ಪನವರು ಜಗಲಿಯ ಮೇಲೆ ಕೂತು ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುತ್ತಿದ್ದರು. ಒಪ್ಪಿಗೆಯನ್ನು ಸಂತೋಷದಿಂದಲೇ ಕೊಟ್ಟರು. ನೀಲವ್ವನಿಗೆ ಮಗು ಇತ್ತೇ ಎಂದು ಅವಳು ಕೇಳಿದಾಗ ಮಾತ್ರ ಔಷಧಿ ತುಂಬಿದ ಕಣ್ಣು ಮುಚ್ಚಿಕೊಂಡರು. ಇತ್ತು ಎಂದರು. ಆಗ ತಾವು ಉಬ್ರಾಣಿಯಲ್ಲೇ ಮೇಷ್ಟ್ರಾಗಿದ್ದಾಗಿಯೂ, ಬಾವಿಯ ಹತ್ತಿರ ಜನ ಸೇರಿದ್ದನ್ನು ಕಣ್ಣಾರೆ ನೋಡಿದ್ದಾಗಿಯೂ ಹೇಳಿದರು.

"ಕೂಸು ಬಿಟ್ಟು ಬಾವಿಗೆ ಬಿದ್ದೋಳಿಗೆ ಯಾರಮ್ಮ ಅಳ್ತಾರೆ? ಓದೋರು ಅಳ್ಲಿ ಅಂತಲೇ ಬರೆದಿದ್ದು ನಾನು."

ಆಮೇಲೆ ತಾವಾಗಿಯೇ ಇನ್ನೊಂದು ಸಂಗತಿ ಹೇಳಿದರು. ಆ ಹುಡುಗಿ ದೊಡ್ಡವಳಾದ ಮೇಲೆ ಕಥೆಯಿದ್ದ ಪುಸ್ತಕ ಹಿಡಿದುಕೊಂಡು ಇದೇ ಜಗಲಿಗೆ ಬಂದಿದ್ದಳಂತೆ. ಇದು ನಮ್ಮವ್ವನದೇ ಏನು ಎಂದು ಕೇಳಿದ್ದಳಂತೆ. ಹೌದು ಎಂದೆ, ಹೆಣ ಸಿಗಲಿಲ್ಲ ಎಂಬುದನ್ನು ಹೇಳಲಿಲ್ಲ, ಹೇಳಿ ಆ ಮಗುವಿಗೆ ಆಗಬೇಕಾದ್ದೇನಿತ್ತು ಎಂದರು. ಗಾದ್ರಮ್ಮನ ವಿಷಯ ಶಂಕ್ರಮ್ಮನ ನಾಲಗೆಯ ತುದಿಗೆ ಬಂದಿತ್ತು. ಆದರೆ ಅದು ತಾನು ಹೇಳುವ ಮಾತಲ್ಲ ಎನಿಸಿ, ಕೊಟ್ಟ ಕಾಫಿ ಕುಡಿದು ಎದ್ದುಬಂದಳು.

ಕೂಸನ್ನು ಸೇರಿಸಿ ಬರೆಯಲು ಕೂತಾಗ ಗೊತ್ತಾಯಿತು ಅದರ ಕಷ್ಟ. ಇಷ್ಟು ದಿನ ಅವಳು ಹೆಂಗಸರನ್ನು ಬರಿಗೈಯಲ್ಲಿ, ಹಗುರವಾಗಿ ಹೊರಗೆ ಕಳಿಸುತ್ತಿದ್ದಳು. ಹಿಂದೆ ಅಳುವ ಮಗುವಿರುತ್ತಿರಲಿಲ್ಲ, ನೋಡುವವರಿಗೆ ಚಪ್ಪಾಳೆ ತಟ್ಟಲು ಅಡ್ಡಿಯಿರುತ್ತಿರಲಿಲ್ಲ. ಈಗ ಮಲಗಿದ ಮಗುವಿನ ಪಕ್ಕದಿಂದ ನೀಲವ್ವ ಏಳಬೇಕು. ಆ ಒಂದು ದೃಶ್ಯ ಬರೆದು ಹರಿದಳು, ಮತ್ತೆ ಬರೆದಳು. ಬರೆದದ್ದನ್ನು ಹನುಮಂತಮ್ಮನಿಗೆ ಓದಿ ಹೇಳಿದಳು. ಹತ್ತಾರು ಊರುಗಳಲ್ಲಿ ನೀಲವ್ವನಾಗಿದ್ದ ಹನುಮಂತಮ್ಮ ಕೊನೆಯವರೆಗೆ ಕೇಳಿ, ಟೀವಿಯಲ್ಲಿ ಪೇಟೆಯವರು ಮಾಡುತ್ತಿರುವುದೇ ಒಳ್ಳೆಯದಾಯಿತು, ಇಂಥವಳಾಗಿ ನಿಲ್ಲಲು ತನ್ನಿಂದ ಆಗುತ್ತಿರಲಿಲ್ಲ ಎಂದು ಎದ್ದುಹೋದಳು. ಆದರೂ ಶಂಕ್ರಮ್ಮ ದೃಶ್ಯವನ್ನು ತೆಗೆಯಲಿಲ್ಲ.

ಕಳಿಸುವ ಮೊದಲು ನ್ಯಾಮತಿಗೆ ಹೋಗಿ ಗಾದ್ರಮ್ಮನಿಗೂ ಓದಿದಳು. ಬೇಡವೆಂದರೆ ಇಲ್ಲಿಯೇ ಹರಿದುಹಾಕುತ್ತೇನೆ, ಮಗುವಿಲ್ಲದ ಹಳೆಯದನ್ನೇ ಕಳಿಸುತ್ತೇನೆ ಎಂದು ಹೇಳಿಯೇ ಓದಲು ಶುರು ಮಾಡಿದ್ದಳು. ಗಾದ್ರಮ್ಮ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿದಳು. ಮುಗಿದ ಮೇಲೂ ತೊಟ್ಟು ಮುರಿಯುತ್ತಲೇ ಇದ್ದಳು.

"ಜಗಳೂರಾಗೆ ಟೀವಿ ಕಾಣ್ತೈತೇನ್ರಿ?" ಎಂದಳು ಕೊನೆಗೆ.

ಎತ್ತರಕ್ಕೆ ಆಂಟೆನಾ ಕಟ್ಟಿದವರ ಮನೆಯಲ್ಲಿ ಕಾಣುತ್ತದೆ ಎಂದಳು ಶಂಕ್ರಮ್ಮ.

"ಹಂಗಾದ್ರೆ ಕಳಿಸ್ರಿ. ಹೊಸಿಲು ದಾಟೋವಾಗ ಅವಳು ಅಳ್ತಾಳೆ ಅಂತ ಬರೆದೀರಲ್ಲ, ಅದೊಂದು ತೆಗೀರಿ. ಅವತ್ತು ನಾನು ಅಳ್ಲಿಲ್ಲ. ಕೂಸು ಎದ್ದೀತು ಅಂತ ಉಸ್ರು ಕೂಡ ಬಿಡಲಿಲ್ಲ."

ಟೀವಿಯ ನಿರ್ಮಾಪಕ ಕಿರಿಯ ವಯಸ್ಸಿನವನು, ಮರ್ಯಾದಸ್ಥ. ಬೆಂಗಳೂರಿಗೆ ಕರೆಸಿಕೊಂಡು, ಎದುರು ಕೂರಿಸಿ, ನಯವಾಗಿಯೇ ಹೇಳಿದ. ಮನೆಯಲ್ಲಿ ಸಂಸಾರದ ಜೊತೆ ಕೂತು ನೋಡುವವರು ಇಂಥ ತಾಯಿಯನ್ನು ಸಹಿಸುವುದಿಲ್ಲ. ಮಗು ಇರಲಿ, ಆದರೆ ಕೊನೆಯಲ್ಲಿ ಅವಳು ಬಾವಿಗೆ ಬೀಳಲಿ. ಇಲ್ಲವೇ ಬದುಕಲಿ, ಮಗು ಬೇಡ. ಎರಡರಲ್ಲಿ ಒಂದನ್ನು ಆರಿಸಿ ಎಂದ. ಶಂಕ್ರಮ್ಮನಿಗೂ ಆಸೆಯಿತ್ತು. ಹೊನ್ನಾಳಿಯ ಟೀಚರೊಬ್ಬಳ ಹೆಸರು ನಾಡೆಲ್ಲ ಕಾಣುವುದು ಸಣ್ಣ ಮಾತಲ್ಲ, ಮಲ್ಲೇಶಪ್ಪ ಆಗಲೇ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವಳು ಎದುರಿಗಿದ್ದ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ಹೀಗೇ ಆಗುವುದಾದರೆ ಆಗಲಿ, ಇಲ್ಲದಿದ್ದರೆ ಬಸ್ಸಿಗೆ ಹೊತ್ತಾಯಿತು ಎಂದಳು. ಸ್ಟುಡಿಯೋದ ದಿನ ನಿಗದಿಯಾಗಿಬಿಟ್ಟಿತ್ತು, ಅವನ ಕೈಯಲ್ಲಿ ಬೇರೆ ನಾಟಕವಿರಲಿಲ್ಲ. ಗೊಣಗುತ್ತಲೇ ಒಪ್ಪಿಕೊಂಡ.

ಎಂಬತ್ತೇಳರ ಶ್ರಾವಣದಲ್ಲಿ ನಾಟಕ ಪ್ರಸಾರವಾಯಿತು. ಶಂಕ್ರಮ್ಮನ ಮನೆಯ ಪಡಸಾಲೆ ತುಂಬ ಜನ. ಕೊನೆಯ ದೃಶ್ಯದಲ್ಲಿ ನೀಲವ್ವ ಮಗುವಿನ ಪಕ್ಕದಿಂದ ಎದ್ದು, ಸೆರಗು ಸರಿಮಾಡಿಕೊಂಡು, ಹೊಸಿಲು ದಾಟಿ ಹೋದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬಳು, ಹೆತ್ತವಳೋ ಇವಳು ಎಂದು ಗಟ್ಟಿಯಾಗಿಯೇ ಹೇಳಿ ಎದ್ದಳು. ಮರುದಿನ ಶಾಲೆಯಲ್ಲಿ ಜೊತೆಯವರು ಮಳೆ, ಪರೀಕ್ಷೆ ಎಲ್ಲ ಮಾತಾಡಿದರು, ನಾಟಕ ಒಂದನ್ನು ಬಿಟ್ಟು. ಆಯಾ ಮಾತ್ರ ಚಹಾದ ಲೋಟಗಳನ್ನು ಎತ್ತಿಕೊಂಡು ಹೋಗುವಾಗ ಒಂದು ಕ್ಷಣ ನಿಂತು, ಆ ಹೆಂಗಸು ಆಮೇಲೆ ಉಂಡಳೇ ಟೀಚರೇ ಎಂದು ಕೇಳಿದಳು.

ದ್ಯಾಮಮ್ಮ ಬಂದದ್ದು ದಸರೆಗೆ ಸ್ವಲ್ಪ ಮೊದಲು. ಸ್ಟಾಫ್ ರೂಮಿನ ಹೊರಗೆ ನಿಂತಿದ್ದವಳ ಹೆಸರು ಕೇಳುವ ಮೊದಲೇ ಶಂಕ್ರಮ್ಮನಿಗೆ ತಿಳಿಯಿತು. ಮೂವತ್ತು ದಾಟಿದ ಹೆಂಗಸು. ದೊಡ್ಡ ಹಣೆ, ಗಟ್ಟಿ ಮುಂಗೈ, ಮಾತಿಗೆ ಮೊದಲು ತುಟಿ ಬಿಗಿಯುವ ಗಾದ್ರಮ್ಮನ ಅದೇ ರೀತಿ. ಅಳಲು ಬಂದವಳಲ್ಲ. ಸಿಟ್ಟಿನಿಂದ ಅವಳ ಕಿವಿಗಳು ಕೆಂಪಾಗಿದ್ದವು. ಪಕ್ಕದ ಮನೆಯಲ್ಲಿ ನಾಟಕ ನೋಡಿದ್ದಾಗಿ ಹೇಳಿದಳು. ಮುರುಗೇಶಪ್ಪ ಮೇಷ್ಟ್ರ ಕಥೆ ಎಂದು ಹೆಸರು ಬಂದದ್ದಕ್ಕೇ ಕೂತು ನೋಡಿದ್ದಳು, ಜೊತೆಗೆ ಬಂದ ಟೀಚರ ಹೆಸರು ವಿಚಾರಿಸಿಕೊಂಡು ಇಲ್ಲಿಗೆ ಬಂದಿದ್ದಳು.

"ಮೇಷ್ಟ್ರ ಕಥೆಯಾಗೆ ನಾನಿರ್ಲಿಲ್ಲ. ನಿಮ್ಮದ್ರಾಗೆ ಇದೀನಿ," ಎಂದಳು. "ಇಬ್ರಾಗೆ ಸುಳ್ಳು ಬರೆದೋರು ಯಾರು, ಅದನ್ನ ಹೇಳ್ರಿ ಸಾಕು."

ಎದುರಿಗಿದ್ದವಳ ಮುಖ ನೋಡುತ್ತ, ಕಥೆಗಿಂತ ಹೆಚ್ಚು ಹೇಳಲು ತನಗೆ ಹಕ್ಕಿಲ್ಲ, ಹೇಳದೆ ಕಳಿಸಲು ಅದಕ್ಕಿಂತಲೂ ಹಕ್ಕಿಲ್ಲ ಎಂದು ಶಂಕ್ರಮ್ಮನಿಗೆ ಅನಿಸಿತು. ಹೆಡ್‌ಮಿಸ್ಸಿನ ಹತ್ತಿರ ಹೋಗಿ ಅರ್ಧ ದಿನದ ರಜೆ ಕೇಳಿದಳು. ಬಂದು, "ನ್ಯಾಮತಿಗೆ ಬಸ್ಸೈತೆ. ಬರ್ತೀರಾ?" ಎಂದಳು.

ದಾರಿಯುದ್ದಕ್ಕೂ ದ್ಯಾಮಮ್ಮ ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು. ಬಸ್‌ಸ್ಟಾಂಡಿನ ಹಿಂದಿನ ಓಣಿಯ ತುದಿಯಲ್ಲಿ ಶಂಕ್ರಮ್ಮ ಖಾನಾವಳಿಯನ್ನು ತೋರಿಸಿ ಅಲ್ಲಿಯೇ ನಿಂತುಕೊಂಡಳು. ಬಾಗಿಲು ಅಗಲವಾಗಿ ತೆರೆದಿತ್ತು, ಒಳಗಿನದೆಲ್ಲ ಅವಳು ನಿಂತಲ್ಲಿಗೆ ಕಾಣುತ್ತಿತ್ತು, ಕೇಳುತ್ತಿತ್ತು. ಊಟದ ಹೊತ್ತು ಕಳೆದು ಒಳಗೆ ಯಾರೂ ಇರಲಿಲ್ಲ. ಗಾದ್ರಮ್ಮ ತಲೆಯೆತ್ತಿ, ಬಂದವಳು ಊಟಕ್ಕೆ ಬಂದವಳೆಂದೇ ತಿಳಿದು, ಕೂರಿ ಎನ್ನುವಂತೆ ಕೈಮಾಡಿದಳು. ದ್ಯಾಮಮ್ಮ ಕೂತಳು. ತಟ್ಟೆಗೆ ರೊಟ್ಟಿ ಬಂತು, ಪಲ್ಯ ಬಂತು, ಅನ್ನ ಬಂತು. ದ್ಯಾಮಮ್ಮ ತಲೆ ತಗ್ಗಿಸಿ ಉಂಡಳು. ಸಾರು ಬಡಿಸಲು ಗಾದ್ರಮ್ಮ ಬಗ್ಗಿದಾಗ, ಅವಳ ಮುಖವನ್ನು ಹತ್ತಿರದಿಂದ ನೋಡಿ ಹೇಳಿದಳು.

"ಜಗಳೂರಿಂದ ಬಂದೀನಿ. ದ್ಯಾಮಮ್ಮ."

ಸೌಟು ತಟ್ಟೆಯ ಮೇಲೆಯೇ ನಿಂತಿತು. ಗಾದ್ರಮ್ಮ ಅದನ್ನು ಪಾತ್ರೆಯೊಳಗೆ ಇಡಲು ಬಹಳ ಹೊತ್ತು ತೆಗೆದುಕೊಂಡಳು. ಪಾತ್ರೆಯನ್ನು ನೆಲಕ್ಕಿಟ್ಟಳು. ಆಮೇಲೆ ಅದರ ಪಕ್ಕದಲ್ಲಿಯೇ ನೆಲದ ಮೇಲೆ ಕೂತಳು.

"ಒಬ್ಳೇ ಬಂದ್ಯಾ?" ಎಂದಳು.

"ಹ್ಞೂಂ. ಮಗಳನ್ನ ಮನೆಯಾಗೆ ಬಿಟ್ಟು ಬಂದೀನಿ."

ಗಾದ್ರಮ್ಮ ತಲೆಯಾಡಿಸಿದಳು. ಬಸ್‌ಸ್ಟಾಂಡಿನಲ್ಲಿ ಕಂಡಕ್ಟರು ಹೊನ್ನಾಳಿ, ದಾವಣಗೆರೆ ಎಂದು ಕೂಗುವುದು ಕೇಳಿಸಿತು. ಕೂಗು ಎರಡು ಮೂರು ಸಲ ಬಂದು, ಬಸ್ಸು ಹೊರಟ ಸದ್ದಿನಲ್ಲಿ ಮುಳುಗಿಹೋಯಿತು. ಒಳಗೆ ಇಬ್ಬರೂ ಏಳಲಿಲ್ಲ. ದ್ಯಾಮಮ್ಮ ಉಂಡ ಕೈಯನ್ನು ತಟ್ಟೆಯ ಮೇಲೆ ಹಾಗೆಯೇ ಹಿಡಿದುಕೊಂಡು ಕೂತಿದ್ದಳು. ಬೆರಳುಗಳಲ್ಲಿ ಅನ್ನ ಒಣಗುತ್ತಿತ್ತು.