ಮಲಗಿಸಿ ಬಂದ್ರಾ?

ಹೀರೇಕಾಯಿ ಹೆಚ್ಚುತ್ತಿದ್ದ ಲತಾಮಣಿಯ ಕೈ ಈಳಿಗೆಯ ಹತ್ತಿರವಿತ್ತು, ಕಿವಿ ಮಾತ್ರ ತಾರಸಿಯ ಮೇಲಿತ್ತು. ಮೇಲಿನ ಶೀಟಿನ ಶೆಡ್ಡಿನಲ್ಲಿ ಗರಗಸದ ಮೆಷಿನ್ನು ಮೊದಲು ಸೊಂಯ್ ಎಂದು ಸುಮ್ಮನೆ ತಿರುಗುತ್ತದೆ. ಹಲಗೆ ತಾಕಿದೊಡನೆ ದನಿ ದಪ್ಪಗಾಗುತ್ತದೆ. ಹಲಗೆ ಎರಡು ಹೋಳಾದ ಮೇಲೆ ಮತ್ತೆ ಹಗುರಾಗುತ್ತದೆ. ಹಾಗೆ ಹಗುರಾಗುವವರೆಗೆ ಅವಳು ಮುಂದಿನ ಹೋಳಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಅಡುಗೆ ಈಗ ಒಂದೂವರೆ ಗಂಟೆ ಹಿಡಿಯುವುದು ಇದರಿಂದಲೇ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ನಿಂತೇ ಹೆಚ್ಚುತ್ತಿದ್ದಳು. ಮಂಡಿನೋವಿನಿಂದ ನೆಲದ ಮೇಲೆ ಕೂರುವುದು ಆಗದೆ ಹೋದಾಗ ಗಂಡ ಯುವರಾಜ್ ಸೊಂಟದೆತ್ತರದ ಪೀಠವೊಂದನ್ನು ಮಾಡಿ, ಈಳಿಗೆಮಣೆ ಜಾರದಂತೆ ಅದರ ಮೇಲೆ ಎರಡು ಪಟ್ಟಿ ಹೊಡೆದು ಕೊಟ್ಟಿದ್ದ. ಚಾಕು ತಗೊಂಡುಬಿಡು ಎಂದು ಎಲ್ಲರೂ ಹೇಳಿದ್ದರು, ಅವನೊಬ್ಬ ಹೇಳಿರಲಿಲ್ಲ. ಯಡಿಯೂರಿನ ತವರಿನಿಂದ ಅವಳು ತಂದ ಸಾಮಾನಿನಲ್ಲಿ ಇನ್ನೂ ಉಳಿದಿದ್ದುದು ಆ ಈಳಿಗೆಮಣೆ ಒಂದೇ ಎಂಬುದು ಅವನಿಗೆ ಗೊತ್ತಿತ್ತು. ಪೀಠದ ಒಂದು ಕಾಲು ತುಸು ಗಿಡ್ಡ. ಅದರಡಿಗೆ ಹಳೆಯ ಮದುವೆ ಪತ್ರಿಕೆಯೊಂದನ್ನು ಮಡಚಿ ಇಟ್ಟಿದ್ದಾಳೆ. ಹಾಲಿನಲ್ಲಿ ಬುದ್ಧನ ಪಟದ ಕೆಳಗಿರುವ ಹಲಗೆಯೂ ಅವನದೇ ಕೈಕೆಲಸ. ಅದು ಎಡಕ್ಕೆ ವಾಲಿದೆ, ಹೂವಿಟ್ಟರೆ ಮೆಲ್ಲಗೆ ಜಾರುತ್ತದೆ. ಬುದ್ಧನಿಗೆ ಕೋಪ ಬರಲ್ಲ ಬಿಡು ಎಂದು ಅವನು ಅದನ್ನು ಹಾಗೇ ಬಿಟ್ಟಿದ್ದಾನೆ.

ಮೂವತ್ತಮೂರು ವರ್ಷ ಯುವರಾಜ್ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಮೆಷಿನ್ನಿನ ಮುಂದೆ ನಿಂತಿದ್ದ. ಆ ಮೆಷಿನ್ನಿಗೆ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಕೆಳಗಿಳಿಯುತ್ತಿತ್ತು. ಹಾಗಾಗಿ ಅಲಗು ಇಳಿಯುವಾಗ ಅದರ ಕೆಳಗೆ ಕೈ ಇರುವ ಮಾತೇ ಇರಲಿಲ್ಲ. ಮೆಷಿನ್ನೇ ನಮ್ಮನ್ನ ನೋಡ್ಕೊಳ್ತಿತ್ತು ಎಂದು ಅವನು ಅದರ ಬಗ್ಗೆ ಒಳ್ಳೆಯ ಮೇಸ್ತ್ರಿಯೊಬ್ಬನ ಬಗ್ಗೆ ಹೇಳುವಂತೆ ಹೇಳುತ್ತಿದ್ದ. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಗೇಟಿನ ಪಕ್ಕದ ಕುರ್ಚಿಯಲ್ಲಿ, ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಹೋಗುವವರು ಬರುವವರು ಮಾತಾಡಿಸಿದರೆ ಮಾತಾಡುವುದು, ಇಲ್ಲದಿದ್ದರೆ ಇಲ್ಲ. ಆ ಎಂಟು ತಿಂಗಳು ಲತಾಮಣಿಗೆ ಅವನ ಮುಖಕ್ಕಿಂತ ಕೈಗಳನ್ನು ನೋಡುವುದೇ ಕಷ್ಟವಾಗಿತ್ತು.

ಆಮೇಲೆ ಬಂದದ್ದು ಈ ಮೆಷಿನ್ನು. ಪುಟ್ಟ ಮೇಜು, ಅದರ ನಡುವಿನ ಸೀಳಿನಿಂದ ಅರ್ಧಚಂದ್ರದ ಹಾಗೆ ಮೇಲೆದ್ದ ಹಲ್ಲಿನ ಚಕ್ರ. ಕತ್ರಿಗುಪ್ಪೆಯ ಪ್ಲೈವುಡ್ ಅಂಗಡಿಯಲ್ಲಿ ಕೆಲಸ ಮಾಡುವ ಭೀಮಪ್ಪ ಒಂದು ಭಾನುವಾರ ಬಂದು ಎಲ್ಲ ಹೇಳಿಕೊಟ್ಟಿದ್ದ. ಚಕ್ರದ ಮೇಲಿನ ಮುಚ್ಚಳ ತೆಗೆಯಬಾರದು. ಚಕ್ರಕ್ಕೆ ನೇರವಾಗಿ ನಿಲ್ಲಬಾರದು, ಹಲಗೆ ಸಿಕ್ಕಿಕೊಂಡರೆ ಹಿಂದಕ್ಕೆ ಎಗರಿ ಹೊಟ್ಟೆಗೆ ಬಡಿಯುತ್ತದೆ. ಕೊನೆಯ ಒಂದು ಗೇಣನ್ನು ಬೆರಳಿನಿಂದ ತಳ್ಳಬಾರದು, ಅದಕ್ಕೊಂದು ಕೋಲು ಇಟ್ಟುಕೊಳ್ಳಬೇಕು. ಲುಂಗಿ ಕೂಡದು, ಹೆಗಲ ಮೇಲೆ ಟವೆಲ್ಲು ಕೂಡದು. ಯುವರಾಜ್ ಎಲ್ಲಕ್ಕೂ ತಲೆಯಾಡಿಸಿದ್ದ. ಹಳೆಯ ಪ್ಯಾಂಟು ಹಾಕಿ, ಮಗಳು ಶ್ವೇತಾ ಕಾಲೇಜಿನ ಲ್ಯಾಬಿಗೆ ಹಾಕುತ್ತಿದ್ದ ಕನ್ನಡಕ ಏರಿಸಿ ಅವನು ಮೆಟ್ಟಿಲು ಹತ್ತುವುದನ್ನು ನೋಡಿದರೆ ಲತಾಮಣಿಗೆ ಈಗಲೂ ನಗು ಬರುತ್ತದೆ.

ಆದರೂ ಯುಗಾದಿಯ ಹಿಂದಿನ ವಾರ, ಪೆನ್ಸಿಲ್ ಗೆರೆ ಕಾಣಿಸುತ್ತಿಲ್ಲವೆಂದು ಮುಚ್ಚಳ ತೆಗೆದವನು ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದ. ಮುಚ್ಚಿಡುವುದು ಅವನ ಜಾಯಮಾನವಲ್ಲ. ಡಾಕ್ಟರ ಹತ್ತಿರದಿಂದ ಬಂದವನೇ ಅಂಜನಾಪುರದಲ್ಲಿರುವ ಮಗಳಿಗೆ ಫೋನು ಮಾಡಿ ಎಲ್ಲ ಒಪ್ಪಿಸಿಬಿಟ್ಟ. ಶ್ವೇತಾ ಆ ಸಂಜೆಯೇ ಬಂದಳು. ಕೂಗಾಡಲಿಲ್ಲ, ಅತ್ತಳು. ಇನ್ನೊಂದು ಸಲ ಏನಾದರೂ ಆದರೆ, ಯಾರಿಗೇ ಆಗಲಿ ಎಷ್ಟೇ ಆಗಲಿ, ಮೆಷಿನ್ನು ಆ ದಿನವೇ ಮನೆಯಿಂದ ಹೊರಗೆ ಎಂದು ಮಾತು ತೆಗೆದುಕೊಂಡಳು. ಯುವರಾಜ್ ಪಟ್ಟಿ ಕಟ್ಟಿದ ಕೈಯೆತ್ತಿ ಒಪ್ಪಿಕೊಂಡ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಈಗ ಅದೇ ಮಗಳಿಗೆ ಶೂ ರ‍್ಯಾಕು ಬೇಕಾಗಿದೆ, ಮೇಲೆ ಕೊಯ್ಯುತ್ತಿದ್ದುದು ಅದಕ್ಕೇ.

ಈ ಸಲ ಗರಗಸದ ಸದ್ದು ಹಗುರಾಗಲಿಲ್ಲ. ದಪ್ಪಗಿದ್ದದ್ದು ದಪ್ಪಗಿರುವಾಗಲೇ ಸೊರಗಿ ಸೊರಗಿ ನಿಂತಿತು. ಲತಾಮಣಿ ತಲೆಯೆತ್ತಿದಳು. ಅಡುಗೆಮನೆಯ ಟ್ಯೂಬ್‌ಲೈಟೂ ಆರಿತ್ತು. ರಸ್ತೆಯ ಮೂಲೆಯಲ್ಲಿ ಅಗೆಯಲು ಶುರುವಾದ ಮೇಲೆ ಕರೆಂಟು ದಿನಕ್ಕೆ ಒಂದು ಸಲವಾದರೂ ಹೋಗುವುದು ಅಭ್ಯಾಸವಾಗಿತ್ತು.

ಯುವರಾಜ್ ಚಪ್ಪಲಿ ಸದ್ದು ಮಾಡುತ್ತಾ ಇಳಿದು ಬಂದ. ಹುಬ್ಬಿನ ಮೇಲೆಲ್ಲ ಮರದ ಹೊಟ್ಟು. ಕರೆಂಟು ಬರುವಷ್ಟರಲ್ಲಿ ಕಾಫಿ ಕುಡಿದುಬಿಡೋಣ ಎಂದ.

"ಮಲಗಿಸಿ ಬಂದ್ರಾ?" ಎಂದು ಕೇಳಿದಳು ಲತಾಮಣಿ.

ಅದು ಅವಳ ಅಮ್ಮನ ಮಾತು. ಹಾಲು ಉಕ್ಕಲಿ, ಮಗು ಅಳಲಿ, ಬಾಗಿಲಿಗೆ ಯಾರೇ ಬರಲಿ, ಈಳಿಗೆಯ ಅಲಗನ್ನು ಮಣೆಗೆ ಮಡಚಿ ಮಲಗಿಸದೆ ಏಳುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ಹೂ ಕಟ್ಟುತ್ತಾ ಕೂತಿರುತ್ತಿದ್ದ ಅಮ್ಮ, ಅಡುಗೆಮನೆಯಿಂದ ಹೊರಬಂದ ಮಗಳ ಮುಖವನ್ನೂ ನೋಡದೆ, ಮಲಗಿಸಿದ್ಯೇನೇ ಎನ್ನುತ್ತಿದ್ದಳು. ಮೆಷಿನ್ನು ಬಂದ ದಿನ ಅದರ ಎದ್ದುನಿಂತ ಚಕ್ರವನ್ನು ನೋಡಿದಾಗ ಲತಾಮಣಿಗೆ ಅನ್ನಿಸಿದ್ದು ಇದೂ ಒಂದು ಈಳಿಗೆಮಣೆಯೇ ಎಂದು. ಅಲಗು ತನ್ನ ಜಾಗದಲ್ಲೇ ಇರುತ್ತದೆ, ನಾವೇ ಕೈಯನ್ನು ಅದರ ಹತ್ತಿರ ಒಯ್ಯಬೇಕು. ಇದರ ಸ್ವಿಚ್ಚಿನ ಹಿಡಿ ಮೇಲಕ್ಕಿದ್ದರೆ ಎಚ್ಚರ, ಕೆಳಕ್ಕಿದ್ದರೆ ನಿದ್ದೆ. ಆವತ್ತಿನಿಂದ ಅವನು ಇಳಿದು ಬಂದಾಗಲೆಲ್ಲ ಅವಳ ಬಾಯಲ್ಲಿ ಅಮ್ಮನ ಪ್ರಶ್ನೆ.

"ಹೂಂ ತಾಯಿ, ಜೋಗುಳ ಹಾಡಿ ಮಲಗಿಸಿ ಬಂದಿದೀನಿ," ಎಂದ ಯುವರಾಜ್.

ಅವಳು ಈಳಿಗೆ ಮಡಚಿ, ಕಾಫಿ ಬಿಸಿ ಮಾಡಿ ಕೊಟ್ಟಳು. ಅವನು ಪೇಪರು ಹಿಡಿದು ಗೇಟಿನ ಹತ್ತಿರ ಬೆಳಕಿಗೆ ಹೋದ. ಹಿತ್ತಲಿನ ಗೊಬ್ಬರದ ಮಡಕೆ ಎರಡು ದಿನದಿಂದ ನಾರುತ್ತಿತ್ತು. ಒಂದು ಮೊರ ಮರದ ಹೊಟ್ಟು ತಂದುಕೊಡಿ ಎಂದರೆ ಅವನು ಪ್ರತಿಸಲವೂ ಮರೆಯುತ್ತಾನೆ. ಮೆಷಿನ್ನು ಸುಮ್ಮನಿರುವಾಗಲೇ ತಂದುಬಿಡೋಣವೆಂದು ಲತಾಮಣಿ ಮೊರ, ಸಣ್ಣ ಪೊರಕೆ ತೆಗೆದುಕೊಂಡಳು. ಹದಿನೆಂಟು ಮೆಟ್ಟಿಲು. ಒಂದೊಂದಕ್ಕೂ ಎರಡೂ ಕಾಲಿಟ್ಟು, ನಿಂತು, ಹತ್ತಿದಳು.

ಶೆಡ್ಡಿನೊಳಗೆ ಹಸಿ ಮರದ ವಾಸನೆ ಘಂ ಎನ್ನುತ್ತಿತ್ತು. ಅರ್ಧ ಕೊಯ್ದ ಹಲಗೆಯನ್ನು ಅವನು ಎಳೆದು ಪಕ್ಕಕ್ಕಿಟ್ಟಿದ್ದ. ನೆಲದ ಹೊಟ್ಟನ್ನು ಬಳಿದು ಮೊರಕ್ಕೆ ತುಂಬಿದಳು. ಚಕ್ರದ ಸೀಳಿನೊಳಗೆ, ಮುಚ್ಚಳದ ಬುಡದಲ್ಲಿ, ನುಣ್ಣನೆಯ ಹೊಟ್ಟು ಗಂಟುಗಟ್ಟಿ ಕೂತಿತ್ತು. ಗೊಬ್ಬರಕ್ಕೆ ಅದೇ ಚೆನ್ನ. ಕೈ ಚಾಚಿದಳು. ಚಾಚಿದ್ದು ಬಲಗೈ. ಎಡಗೈ ಅದಕ್ಕಿಂತ ಮೊದಲೇ ತಾನಾಗಿ ಗೋಡೆಯ ಬೋರ್ಡಿಗೆ ಹೋಗಿ ಪ್ಲಗ್ಗನ್ನು ಕಿತ್ತಿತ್ತು. ಮಿಕ್ಸಿಯ ಜಾರಿಗೆ ಕೈ ಹಾಕುವ ಮುಂಚೆ ಹಾಗೆ ಮಾಡಿ ಮಾಡಿ ಆ ಕೈಗೆ ಬೇರೆ ಗೊತ್ತಿರಲಿಲ್ಲ.

ಬೆರಳುಗಳು ಹಲ್ಲಿನ ಚಕ್ರದ ಪಕ್ಕದಲ್ಲಿದ್ದಾಗ ತಲೆಯ ಮೇಲಿನ ಟ್ಯೂಬ್‌ಲೈಟು ಪಕಪಕ ಎಂದು ಹತ್ತಿಕೊಂಡಿತು. ಮೂಲೆಯ ಫ್ಯಾನು ತಿರುಗತೊಡಗಿತು. ಪಕ್ಕದ ಮನೆಯ ನೀರಿನ ಮೋಟಾರು ಗುರ್ ಎಂದಿತು. ಲತಾಮಣಿ ಕೈ ಹಿಂದಕ್ಕೆ ಎಳೆದುಕೊಂಡು, ಯಾಕೋ ಏನೋ ಮೆಷಿನ್ನಿನ ಸ್ವಿಚ್ಚಿನ ಹಿಡಿ ನೋಡಿದಳು. ಅದು ಮೇಲಕ್ಕಿತ್ತು.

ಒಂದು ಗಳಿಗೆ ಅವಳಿಗೆ ಫ್ಯಾನಿನ ಗಾಳಿ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಳು, ಮಗುವಿನ ಕೈ ಹಿಡಿದುಕೊಂಡ ಹಾಗೆ.

ಅವನು ಸುಳ್ಳು ಹೇಳಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಕರೆಂಟು ಹೋದರೆ ಈ ಮನೆಯಲ್ಲಿ ಯಾರೂ ಸ್ವಿಚ್ಚು ಆರಿಸುವುದಿಲ್ಲ. ಬಂದದ್ದು ಗೊತ್ತಾಗಲಿ ಎಂದು ಹಾಗೇ ಬಿಡುವುದು. ಮದುವೆಯಾದ ಹೊಸದರಲ್ಲಿ ರೇಡಿಯೋ ಹಾಗೇ ಬಿಟ್ಟಿರುತ್ತಿದ್ದರು. ಅದು ಹಾಡಿದ ಕೂಡಲೇ ಇಬ್ಬರೂ ಒಟ್ಟಿಗೆ, ಬಂತು, ಎನ್ನುತ್ತಿದ್ದರು. ಅಷ್ಟು ವರ್ಷದ ರೂಢಿ ಅವನ ಕೈಯಲ್ಲಿತ್ತು, ಮಲಗಿಸಿದೆ ಎಂಬುದು ಬಾಯಲ್ಲಿ ಮಾತ್ರ ಇತ್ತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಹಿಡಿಯನ್ನು ಹಾಗೇ ಬಿಟ್ಟರೆ ಅವನೇ ನೋಡುತ್ತಾನೆ. ನೋಡಿದರೆ ಅವಳ ಮುಖ ನೋಡುತ್ತಾನೆ, ಹೊಟ್ಟು ಮೆತ್ತಿದ ಬೆರಳು ನೋಡುತ್ತಾನೆ, ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ. ಆಮೇಲೆ ಶ್ವೇತಾಗೆ ಅವಳು ಹೇಳಬೇಕಾಗಿಯೇ ಇಲ್ಲ. ಅವನೇ ಫೋನು ಮಾಡುತ್ತಾನೆ. ನಾಳೆ ಮೆಷಿನ್ನು ಇರುವುದಿಲ್ಲ. ಗೇಟಿನ ಪಕ್ಕದ ಕುರ್ಚಿ ಇರುತ್ತದೆ, ಮಡಿಲಲ್ಲಿ ಎರಡು ಕೈ.

ಲತಾಮಣಿ ಹಿಡಿಯನ್ನು ಕೆಳಕ್ಕೆ ಒತ್ತಿದಳು. ಪ್ಲಗ್ಗನ್ನು ಮತ್ತೆ ಸಿಕ್ಕಿಸಿ ಮೊರ ಎತ್ತಿಕೊಂಡಳು.

ಬಾಗಿಲಲ್ಲಿ ಯುವರಾಜ್ ನಿಂತಿದ್ದ. ಈ ಮಂಡಿ ಇಟ್ಟುಕೊಂಡು ಮೇಲೆ ಯಾಕೆ ಬಂದೆ ಎಂದು ಗದರಿದ. ಮೊರ ಕಂಡು, ತಾನು ಮರೆತದ್ದು ನೆನಪಾಗಿ, ತಲೆ ಕೆರೆದುಕೊಂಡ. ಆಮೇಲೆ ಮೆಷಿನ್ನಿನ ಕಡೆ ಕೈ ತೋರಿಸಿದ.

"ನೋಡ್ಕೋ. ದಿನಾ ಕೇಳ್ತೀಯಲ್ಲ, ಹೆಂಗೆ ಮಲಗಿದೆ ನೋಡು."

ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ಹುಡುಗನ ಮುಖ ಅವನದು. "ನೋಡ್ದೆ ರೀ," ಎಂದಷ್ಟೇ ಹೇಳಿದಳು ಲತಾಮಣಿ. ಅವನು ಮೊರ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಅವಳ ರಟ್ಟೆ ಹಿಡಿದು, ಹದಿನೆಂಟು ಮೆಟ್ಟಿಲನ್ನೂ ಒಂದೊಂದಾಗಿ ಇಳಿಸಿಕೊಟ್ಟು ಮತ್ತೆ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಸೊಂಯ್ ಎಂಬ ಸದ್ದು ಬಂತು. ಹೀರೇಕಾಯಿ ಇನ್ನೂ ಅರ್ಧ ಉಳಿದಿತ್ತು. ಆ ದಿನ ಅವಳು ಅದನ್ನು ಹೆಚ್ಚಲಿಲ್ಲ, ಕೈಯಲ್ಲೇ ಮುರಿದು ಹಾಕಿದಳು.

ಸಂಜೆ ಶ್ವೇತಾ ಫೋನು ಮಾಡಿದಳು. ಯುವರಾಜ್ ಹಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಶೂ ರ‍್ಯಾಕು ಎಲ್ಲಿಗೆ ಬಂತು ಎಂದು ಕೇಳಿದ ಮೇಲೆ ಮಗಳು ದಿನದ ಹಾಗೆ ವಿಚಾರಿಸಿದಳು.

"ಅಮ್ಮ, ಅಪ್ಪನ ಬೆರಳೆಲ್ಲ ಇದಾವಾ? ಎಣಿಸಿ ಹೇಳು."

ಯಾವಾಗಲೂ ಲತಾಮಣಿ ಎಣಿಸದೆಯೇ ಹತ್ತು ಎನ್ನುತ್ತಿದ್ದಳು. ಇವತ್ತು ಎಣಿಸಿದಳು. ಅವರೆ ಸೊನೆಗೆ ಕಪ್ಪಾದ, ಒಂದರ ಮೇಲೆ ಹೊಲಿಗೆಯ ಗೆರೆಯಿದ್ದ ಹತ್ತು ಬೆರಳು. ಆಮೇಲೆ ಫೋನು ಹಿಡಿದ ತನ್ನ ಕೈ, ಸೆರಗು ಹಿಡಿದ ತನ್ನ ಕೈ.

"ಇಪ್ಪತ್ತಿದಾವೆ."

"ಅಪ್ಪಂಗೆ ಇಪ್ಪತ್ತಾ?"

"ನಂದೂ ಸೇರ್ಸಿ ಕಣೇ."

ಶ್ವೇತಾ ನಕ್ಕಳು. ಅಪ್ಪನೂ ನಕ್ಕ. ಅಮ್ಮನಿಗೆ ಇತ್ತೀಚೆಗೆ ಜೋಕು ಬೇರೆ ಬರುತ್ತದೆ ಎಂದು ಕೂತಲ್ಲಿಂದಲೇ ಕೂಗಿ ಹೇಳಿದ. ಲತಾಮಣಿಯೂ ನಕ್ಕಳು, ಆದರೆ ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಪೀಠ ಹಿಡಿದು ನಿಂತಳು. ಮಗಳಿಗೆ ಹೇಳದೆ ಬಿಟ್ಟದ್ದು ಸಣ್ಣ ವಿಷಯವಲ್ಲ. ಹೇಳದಿದ್ದ ಮೇಲೆ ಅದರ ಭಾರವನ್ನು ಯಾರಾದರೂ ಹೊರಬೇಕಲ್ಲ.

ಶೆಡ್ಡಿನ ಲೈನು ಬರುವುದು ಅಡುಗೆಮನೆಯ ದೊಡ್ಡ ಪಾಯಿಂಟಿನಿಂದ. ಮಿಕ್ಸಿಯ ಪಕ್ಕದ ಸ್ವಿಚ್ಚಿನ ಮೇಲೆ ಯುವರಾಜ್ ತನ್ನ ದುಂಡು ಅಕ್ಷರದಲ್ಲಿ 'ಶೆಡ್' ಎಂದು ಬರೆದಿದ್ದಾನೆ. ಅದನ್ನು ಯಾರೂ ಆರಿಸಿದ್ದಿಲ್ಲ. ಲತಾಮಣಿ ಅದರ ಮೇಲೆ ಬೆರಳಿಟ್ಟು ನೋಡಿದಳು. ಅವನ ಹಳೆಯ ಮೆಷಿನ್ನಿನ ನೆನಪಾಯಿತು, ಎರಡು ಗುಂಡಿಯದು.

ಇನ್ನು ಮುಂದೆ ಕರೆಂಟು ಹೋದ ತಕ್ಷಣ ಮೊದಲು ಈ ಸ್ವಿಚ್ಚು ಆರಿಸುವುದು. ಅವನಿಗೆ ದೊಡ್ಡ ಲೋಟದಲ್ಲಿ, ಕುಡಿಯಲು ಹೊತ್ತು ಹಿಡಿಯುವಷ್ಟು ಬಿಸಿ ಕಾಫಿ. ಆಮೇಲೆ ಮೊರ ಹಿಡಿದು ಹದಿನೆಂಟು ಮೆಟ್ಟಿಲು ಹತ್ತುವುದು, ಮೆಷಿನ್ನಿನ ಹಿಡಿ ನೋಡುವುದು, ಎದ್ದಿದ್ದರೆ ಮಲಗಿಸಿ ಬರುವುದು. ಕೆಳಗೆ ಬಂದ ಮೇಲೆ ಇದನ್ನು ಮತ್ತೆ ಹಾಕುವುದು. ಮಂಡಿಯ ಜೊತೆ ಹೇಗೋ ಮಾತಾಡಿಕೊಳ್ಳಬಹುದು. ಅಲ್ಲಿ ಆ ಹಿಡಿ ಇನ್ನೊಂದೇ ಒಂದು ಸಲ ಮೇಲಕ್ಕಿದ್ದುದು ಕಂಡರೆ ಮಾತ್ರ, ಮಲಗಿಸಿ ಇಳಿದವಳೇ ಅವನಿಗಿಂತ ಮುಂಚೆ ತಾನೇ ಶ್ವೇತಾಗೆ ಫೋನು ಮಾಡುವುದು.

ಹಿತ್ತಲಿನ ಬಾಗಿಲ ಹಿಂದೆ ಇರುತ್ತಿದ್ದ ಮೊರವನ್ನು ತಂದು ಮೆಟ್ಟಿಲ ಬುಡದ ಮೊಳೆಗೆ ನೇತುಹಾಕಿದಳು. ಅವರೆಕಾಳಿನ ಬುಟ್ಟಿ ಹಿಡಿದು ಬಂದ ಯುವರಾಜ್ ಅದನ್ನು ನೋಡಿ, ಇದ್ಯಾಕೆ ಇಲ್ಲಿ ಎಂದು ಕೇಳಿದ.

"ಕೈಗೆ ಸಿಗ್ಲಿ ಅಂತ," ಎಂದಳು ಲತಾಮಣಿ, ಅವನ ಕೈಯಿಂದ ಬುಟ್ಟಿ ತೆಗೆದುಕೊಳ್ಳುತ್ತಾ.