ಬ್ಲೋವರ್ ನಿಲ್ಲಿಸಿದ ಮಧ್ಯಾಹ್ನ

ಸಾಗರದ ಆ ಆಸ್ಪತ್ರೆಯಲ್ಲಿ ಏಸಿ ಕೆಟ್ಟರೆ ಎಲ್ಲರಿಗೂ ನಾನು ನೆನಪಾಗುತ್ತೇನೆ. ಸರಿಯಿದ್ದರೆ, ಸುರೇಂದ್ರ ಎಂಬ ಮೇಂಟೆನೆನ್ಸ್ ಇಂಜಿನಿಯರ್ ಒಬ್ಬ ಇದ್ದಾನೆಂಬುದೂ ಯಾರಿಗೂ ಗೊತ್ತಿರುವುದಿಲ್ಲ. ಇರಲಿ ಬಿಡಿ. ಹೆರಿಗೆ ವಾರ್ಡಿನ ಗೋಡೆಯಾಚೆ, ಕೋಣೆಕೋಣೆಗೂ ತಂಪು ಗಾಳಿ ತಳ್ಳುವ ದೊಡ್ಡ ಬ್ಲೋವರ್ ಇದೆ. ಅದರ ಬೇರಿಂಗ್ ಸವೆದು ಸದಾ ಗುಂಯ್‌ಗುಡುತ್ತಿತ್ತು. ಹೊಸದು ಕೊಡಿಸಿ ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿತ್ತು. ಆದರೂ ಮಧ್ಯಾಹ್ನವಾದರೆ ಆ ಸದ್ದಿಗೆ ಇಡೀ ವಾರ್ಡೇ ತೂಕಡಿಸುತ್ತಿತ್ತು. ಬಿಳಿ ಪರದೆಗಳು ಮೆಲ್ಲಗೆ ಉಬ್ಬಿ ಇಳಿಯುವುದನ್ನು ನೋಡುತ್ತ ನಿಂತರೆ ನನಗೂ ಕಣ್ಣು ಎಳೆಯುತ್ತಿತ್ತು.

ಒಂದು ದಿನ ಕೊನೆಯ ಕೋಣೆಯಿಂದ ದೂರು ಬಂತು, ಗಾಳಿಯೇ ಇಲ್ಲವೆಂದು. ಹೋಗಿ ನೋಡಿದರೆ, ಹೊರಗಿನ ಗಾಳಿ ಒಳಬರುವ ಜಾಲರಿಗೆ ಕುಂಬಾರ ಹುಳ ಮಣ್ಣಿನ ಗೂಡು ಮೆತ್ತಿಟ್ಟಿತ್ತು. ಒಡೆಯಲು ಸ್ಕ್ರೂಡ್ರೈವರ್ ಎತ್ತಿದೆನೋ ಇಲ್ಲವೋ, ಮೂಲೆಯಿಂದ ಕೂಗು ಬಂತು.

"ಒಡಿಬ್ಯಾಡ್ರೋ ಮಾರಾಯ್ರೆ! ಬಸುರಿ ಇದ್ದಲ್ಲಿ ಅದು ಗೂಡು ಕಟ್ಟಿದ್ರೆ ಒಳ್ಳೇದು. ಒಳಗೆ ಅದ್ರ ಮರಿ ಇರ್ತದೆ."

ಹುಂಚದ ಕಡೆಯ ಕೆರಿಯಮ್ಮ. ಹಾಸಿಗೆಯಲ್ಲಿದ್ದವಳು ಅವರ ಸೊಸೆ ಶ್ರಾವ್ಯಾ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಈ ಸಲ ಹೆರಿಗೆಯವರೆಗೂ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು.

"ಅಮ್ಮಾ, ಇದು ಆಸ್ಪತ್ರೆ, ನಿಮ್ಮ ಮನೆಯಲ್ಲ" ಎಂದು ರೇಗಿದೆ. ಶ್ರಾವ್ಯಾ ಗೂಡನ್ನೇ ನೋಡುತ್ತಿದ್ದಳು. ಆ ನೋಟ ಕಂಡದ್ದೇ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ! ಜಾಲರಿಯನ್ನೇ ಬಿಚ್ಚಿ ಗೂಡು ಸಮೇತ ಅವಳ ಪಕ್ಕದ ಕಿಟಕಿಗೆ ಒರಗಿಸಿಟ್ಟು, ಬೇರೆ ಜಾಲರಿ ಹಾಕಿದೆ.

ಆಮೇಲೆ ಫಿಲ್ಟರ್ ನೋಡುವ ನೆಪದಲ್ಲಿ ಅಲ್ಲಿಗೆ ಹೋಗುವುದು ರೂಢಿಯಾಯಿತು. ಬೇರಿಂಗ್ ಪರೀಕ್ಷಿಸುವಾಗ ನಾವು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕಿಟ್ಟು ಹಿಡಿಯನ್ನು ಕಿವಿಗೊತ್ತುತ್ತೇವೆ, ಒಳಗಿನ ಸದ್ದು ಕೇಳುತ್ತದೆ. ಅದನ್ನು ಹೇಳಿದ್ದೇ ತಪ್ಪಾಯಿತು. ಗೂಡಿಗೂ ಹಾಗೆ ಇಟ್ಟು ನೋಡಬೇಕೆಂದು ಶ್ರಾವ್ಯಾ ಹಟ ಹಿಡಿದಳು.

"ಎಂತ ಕೇಳ್ತದೆ?" ಕೆರಿಯಮ್ಮ ಕೇಳಿದರು.

"ಬರೀ ಬ್ಲೋವರ್, ಅತ್ತೆ."

"ಈ ಇಂಜಿನಿಯರ್ ಮಿಷನ್ನು ಹುಳಕ್ಕೂ ಮಾತಾಡೋಕೆ ಬಿಡಲ್ಲ ಕಾಣ್ತದೆ" ಎಂದು ಅವರು ನನ್ನನ್ನು ಕಿಚಾಯಿಸಿದರು.

ಇನ್ನೊಂದು ಮಧ್ಯಾಹ್ನ ನಾನು ಹೋದಾಗ ಕೆರಿಯಮ್ಮ ಗಂಜಿ ತರಲು ಕೆಳಗಿಳಿದಿದ್ದರು. ಶ್ರಾವ್ಯಾಳ ಮುಖ ಬಿಳಿಚಿಕೊಂಡಿತ್ತು.

"ಸುರೇಂದ್ರಣ್ಣ, ಬೆಳಿಗ್ಗೆಯಿಂದ ಮಗು ಅಲುಗಾಡ್ಲೇ ಇಲ್ಲ. ಹೋದ ಸಲಾನೂ ಹಿಂಗೇ ಆಗಿತ್ತು. ಅತ್ತೆಗೆ ಹೇಳೋಕೆ ಹೆದ್ರಿಕೆ."

ಗಂಟೆ ಒತ್ತಿದೆ. ನರ್ಸ್ ಭಾವನಾ ಓಡಿ ಬಂದು, ಡಾಕ್ಟರಿಗೆ ಹೇಳಿ ಕಳಿಸಿ, ಪರದೆ ಎಳೆದಳು. ಮಗುವಿನ ಎದೆಬಡಿತ ಕೇಳಿಸುವ ಪುಟ್ಟ ಯಂತ್ರವನ್ನು ಹೊಟ್ಟೆಗಿಟ್ಟಳು. ನಾನು ಪರದೆಯ ಈಚೆ ನಿಂತಿದ್ದೆ. ಬರೀ ಗರಗರ. ಜಾಗ ಬದಲಿಸಿದಳು. ಮತ್ತೆ ಗರಗರ.

"ಈ ಬ್ಲೋವರ್ ಗದ್ದಲದಲ್ಲಿ ಏನೂ ಗೊತ್ತಾಗ್ತಿಲ್ಲ" ಎಂದಳು ಭಾವನಾ. ಶ್ರಾವ್ಯಾ ಅಳಲೂ ಇಲ್ಲ. ನನ್ನಿಂದ ಅದನ್ನೇ ತಡೆಯಲಾಗಲಿಲ್ಲ.

ಓಡಿದೆ. ಮೇಲಿನವರ ಅಪ್ಪಣೆಯಿಲ್ಲದೆ ಆ ಬ್ಲೋವರನ್ನು ಮುಟ್ಟುವಂತಿರಲಿಲ್ಲ. ಅಪ್ಪಣೆ ಮಣ್ಣಾಗಲಿ ಎಂದು ಸ್ವಿಚ್ ಕೆಳಗೆಳೆದೆ. ಯಂತ್ರ ಸುತ್ತಿ ಸುತ್ತಿ, ಒಲ್ಲದ ಮನಸ್ಸಿನಿಂದ ನಿಂತಿತು. ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಆ ಮಹಡಿಯ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಪರದೆಗಳು ಇಳಿಬಿದ್ದವು. ದೂರದ ರಸ್ತೆಯಲ್ಲಿ ಯಾರೋ ಯಾರನ್ನೋ ಕರೆದದ್ದು ಕೇಳಿಸಿತು. ನಿದ್ದೆಯಲ್ಲಿ ನಡೆಯುವವನಂತೆ ಕೋಣೆಗೆ ಮರಳಿದೆ.

ಪರದೆಯಾಚೆ ಗರಗರ. ಆಮೇಲೆ, ಬಹಳ ಆಳದಿಂದ, ಟಕಟಕ, ಟಕಟಕ. ಕಟ್ಟು ಬಿಚ್ಚಿದ ಕರು ಅಂಗಳದಲ್ಲಿ ಓಡಿದ ಹಾಗೆ.

"ಇದೆ! ಇಲ್ಲೇ ಇದೆ ಕಣೇ!" ಭಾವನಾ ಕೂಗಿದಳು. "ಡಾಕ್ಟರೂ ಬರ್ತಿದ್ದಾರೆ, ಹೆದರ್ಬೇಡ."

ಗಂಜಿಯ ಪಾತ್ರೆ ಹಿಡಿದ ಕೆರಿಯಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ಎಂತ ಶಬ್ದ ಅದು?"

"ನಿಮ್ಮ ಮೊಮ್ಮಗು, ಅಮ್ಮಾ" ಎನ್ನುವಷ್ಟರಲ್ಲಿ ನನಗೇ ಅಳು ಬಂತು. ಯಾರ ಮನೆಯ ಮಗುವೋ, ನನಗೆಂಥ ಅಳು! ಕಿಟಕಿಯ ಗೂಡಿಗೆ ಕಿವಿಯಿಡಲು ಆಗ ಯಾರಿಗೂ ನೆನಪಾಗಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮ್ಯಾನೇಜರು.

"ಏನ್ರೀ ಸುರೇಂದ್ರ, ಏಸಿ ಯಾಕ್ರೀ ಆಫ್? ಎಲ್ಲ ಬೈತಿದ್ದಾರೆ. ಯಾವಾಗ ಆನ್ ಮಾಡ್ತೀರಿ?"

ಪರದೆಯ ಒಳಗಿನಿಂದ ಶ್ರಾವ್ಯಾಳ ದನಿ ಬಂತು. "ಇನ್ನೊಂದ್ಸಲ ಇಡಿ ಸಿಸ್ಟರ್, ಅತ್ತೆ ಹತ್ರ ಬಂದು ಕೇಳ್ಲಿ."

"ಇನ್ನೂ ಸ್ವಲ್ಪ ಹೊತ್ತಾಗುತ್ತೆ ಸರ್" ಎಂದೆ. "ಕೆಲಸ ನಡೀತಿದೆ."