ಜಯಪ್ಪನ ಕಾಲಮಾಪಕ

ಕಾಲಮಾಪಕಕ್ಕೆ ಬಳಿದ ಕೊನೆಯ ಬಣ್ಣ ಒಣಗಿದ್ದು ಒಂದು ಗುರುವಾರ. ಬೆರಳಿಗೆ ಅಂಟುವುದಿಲ್ಲವೆಂದು ಖಾತ್ರಿಯಾದ ಮೇಲೆ ತಿಪ್ಪೇಶ ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟ. ಹದಿನಾಲ್ಕು ತಿಂಗಳ ಕೆಲಸ ಮುಗಿದಿತ್ತು.

ತಿಪ್ಪೇಶನದು ಶಿಕಾರಿಪುರದಲ್ಲಿ ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸ. ದಂತವೈದ್ಯರು ಕಳಿಸುವ ಅಚ್ಚು ನೋಡಿ, ಮುಖ ಕಾಣದವರ ಬಾಯಿಗೂ ಸರಿಯಾಗಿ ಕೂರುವ ಹಲ್ಲು ಮಾಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಾಯಿ ಹುಣ್ಣಾಗುತ್ತದೆ. ಹಾಗಾಗಿ ಅಳತೆ ಅವನಿಗೆ ಚಟದಂತೆ ಅಂಟಿಕೊಂಡಿತ್ತು.

ಚಿಕ್ಕವನಿದ್ದಾಗ ಅವನು ಟೀವಿಯಲ್ಲಿ ‘ಹದಿಮೂರನೇ ಚಂದ್ರ’ ಎಂಬ ಸಿನಿಮಾ ನೋಡಿದ್ದ. ಅದರಲ್ಲಿ ನಾಯಕ ನೂರು ವರ್ಷ ಹಿಂದಕ್ಕೂ ಮುಂದಕ್ಕೂ ಹೋಗಿಬರಲು ಬಳಸುವ ಯಂತ್ರವೇ ಕಾಲಮಾಪಕ. ಮೊಳದುದ್ದದ ಬೆಳ್ಳಿ ಬಣ್ಣದ ಕೊಳವೆ, ಅದರ ಮೈಮೇಲೆ ಸಾಲಾಗಿ ಐದು ಗಾಜಿನ ಕಿಟಕಿ, ಕಿಟಕಿಯಿಂದ ಕಿಟಕಿಗೆ ಓಡುವ ಕೆಂಪು ದೀಪ. ಕಳೆದ ವರ್ಷ ಆ ಸಿನಿಮಾವನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು. ತಿಪ್ಪೇಶ ಒಂದೊಂದೇ ದೃಶ್ಯ ನಿಲ್ಲಿಸಿ ನೋಡಿದ. ಒಂದು ಕಡೆ ಯಂತ್ರದ ಪಕ್ಕದಲ್ಲೇ ಬೆಂಕಿಪೊಟ್ಟಣ ಇತ್ತು. ಬೆಂಕಿಪೊಟ್ಟಣದ ಉದ್ದ ಗೊತ್ತಿದ್ದರೆ ಯಂತ್ರದ ಉದ್ದವೂ ಸಿಕ್ಕಿತಲ್ಲ. ಅವತ್ತೇ ಶುರುಮಾಡಿದ.

ಮೊದಲ ಎರಡು ಕೊಳವೆ ಸೀಳುಬಿಟ್ಟವು. ಮೂರನೆಯದು ನಿಂತಿತು. ಕಿಟಕಿಗಳಿಗೆ ಹಳೆಯ ಕನ್ನಡಕದ ಗಾಜು ಕೊರೆದು ಕೂರಿಸಿದ. ಹೆಂಡತಿ ನಾಗಶ್ರೀ ಬೈಯಲಿಲ್ಲ, ನಗಲೂ ಇಲ್ಲ. ಯಾರಿಗೆ ತೋರಿಸೋಕೆ ಇಷ್ಟು ಕಷ್ಟಪಡುತ್ತೀರಿ ಎಂದು ಒಮ್ಮೆ ಕೇಳಿದ್ದಳು ಅಷ್ಟೆ.

ತೋರಿಸಬೇಕಾದ ಮನುಷ್ಯ ಒಬ್ಬನೇ ಇದ್ದ. ಸಿನಿಮಾದ ಕೊನೆಯಲ್ಲಿ ಹೆಸರುಗಳು ಬರುವಾಗ ‘ಯಂತ್ರಗಳ ತಯಾರಿ: ಜಯಪ್ಪ, ಸೊರಬ’ ಎಂದಿತ್ತು. ವಿಚಾರಿಸಿದರೆ, ಸೊರಬದಲ್ಲಿ ಡಬ್ಬಿ, ಆಲಿಕೆ, ಸೀಮೆಎಣ್ಣೆ ಅಳೆಯುವ ಪಾವುಗಳಿಗೆ ಬೆಸುಗೆ ಹಾಕಿಕೊಂಡಿದ್ದ ಮುದುಕರೇ ಆ ಜಯಪ್ಪ, ಇನ್ನೂ ಗಟ್ಟಿಯಾಗಿದ್ದಾರೆ ಎಂದು ತಿಳಿಯಿತು. ಅವರಿಗೆ ಮೊದಲೇ ಫೋನ್ ಮಾಡಲು ತಿಪ್ಪೇಶನಿಗೆ ಧೈರ್ಯ ಬರಲಿಲ್ಲ. ಸುಮ್ಮನೆ ಮುಂದೆ ಇಟ್ಟುಬಿಡಬೇಕು, ಸರಿಯೋ ತಪ್ಪೋ ಅವರೇ ಹೇಳಲಿ ಎಂದುಕೊಂಡ.

ಶನಿವಾರ ಬೆಳಿಗ್ಗೆ ಯಂತ್ರವನ್ನು ಟವಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದ. ಬಸ್ಸು ಶಿರಾಳಕೊಪ್ಪದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಎಂದರು. ಚೀಲವನ್ನು ಸೀಟಿನ ಮೇಲೆ ಬಿಟ್ಟು ಮೂತ್ರಕ್ಕೆ ಇಳಿದ. ವಾಪಸು ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಅದರಲ್ಲಿ ಕೂತ ಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಯಂತ್ರದ ಸ್ವಿಚ್ಚು ಸಡಿಲ. ಬಸ್ಸು ಕುಲುಕಿದರೆ ಸಾಕು, ದೀಪ ತಾನಾಗಿ ಹತ್ತಿಕೊಂಡು ಟಿಕ್ ಟಿಕ್ ಎಂದು ಓಡತೊಡಗುತ್ತದೆ.

ಸೊರಬದ ಬಸ್‌ಸ್ಟ್ಯಾಂಡಿಗೆ ಹಗ್ಗ ಕಟ್ಟಿದ್ದರು. ಜನರನ್ನೆಲ್ಲ ರಸ್ತೆಯಾಚೆ ನಿಲ್ಲಿಸಿದ್ದರು. ಅಂಗಳದ ಮಧ್ಯೆ ಮರಳಿನ ಮೂಟೆಗಳ ನಡುವೆ ಅವನ ಚೀಲ ಒಂಟಿಯಾಗಿ ಕೂತಿತ್ತು. ಚೀಲದಿಂದ ಸದ್ದು ಬರುತ್ತಿದೆ ಎಂದು ಕಂಡಕ್ಟರು ಪೊಲೀಸರಿಗೆ ತಿಳಿಸಿದರಂತೆ, ಶಿವಮೊಗ್ಗದಿಂದ ಬಾಂಬ್ ಪರೀಕ್ಷೆ ಮಾಡುವವರು ಹೊರಟಿದ್ದಾರಂತೆ ಎಂದು ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು.

ಸುಮ್ಮನೆ ತಿರುಗಿ ಶಿಕಾರಿಪುರದ ಬಸ್ಸು ಹತ್ತಿಬಿಡಬಹುದು ಎಂಬ ಯೋಚನೆ ತಿಪ್ಪೇಶನಿಗೆ ಬಂದದ್ದು ಸುಳ್ಳಲ್ಲ. ಆದರೆ ಬಂದವರು ಅದನ್ನು ಒಡೆದುಹಾಕುತ್ತಾರೆ ಎಂಬುದು ಮರುಕ್ಷಣವೇ ಹೊಳೆಯಿತು. ಹಗ್ಗದ ಬಳಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಮೇಡಂ ಹತ್ತಿರ ಹೋದ.

“ಆ ಚೀಲ ನಂದ್ರಿ ಮೇಡಂ. ಅದು ಬಾಂಬಲ್ಲ, ಸಿನಿಮಾದಾಗ ಬರೋ ಒಂದು ಯಂತ್ರದ ನಕಲು. ನಾನೇ ಮಾಡಿದ್ದು.”

ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಸಿನಿಮಾ ಎಂದು ಕೇಳಿದರು. ಹೆಸರು ಹೇಳಿದರೆ ಅವರೂ ಕೇಳಿರಲಿಲ್ಲ, ಸುತ್ತ ನಿಂತ ಕಾನ್‌ಸ್ಟೆಬಲ್‌ಗಳೂ ಕೇಳಿರಲಿಲ್ಲ. ಅವನ ಫೋನಿನಲ್ಲೇ ಸಿನಿಮಾ ಹಾಕಿಸಿ ನೋಡಿದರು. ಆಮೇಲೆ ಅವನಿಂದಲೇ ಅದರ ಒಳಗೇನಿದೆ ಎಂದು ಕೇಳಿ ತಿಳಿದು, ಫೋನಿನಲ್ಲಿ ಶಿವಮೊಗ್ಗದವರಿಗೆ ವಿವರಿಸಿದರು. ಅವರು ಬಂದು ನೋಡುವವರೆಗೆ ಯಾರೂ ಮುಟ್ಟಬಾರದು ಎಂದು ಉತ್ತರ ಬಂತು. ತಿಪ್ಪೇಶ ಎರಡು ತಾಸು ಬೆಂಚಿನ ಮೇಲೆ ಕೂತ. ಬಂದವರು ಚೀಲವನ್ನು ದೂರದಿಂದ, ಹತ್ತಿರದಿಂದ ಪರೀಕ್ಷಿಸಿ, ಎರಡು ಪೆನ್‌ಟಾರ್ಚಿನ ಸೆಲ್ಲು, ಒಂದು ತುಂಡು ವೈರು, ಇಷ್ಟೇ ಎಂದು ಹೇಳಿ ಹಗ್ಗ ಬಿಚ್ಚಿಸಿದರು.

ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಆದರೂ ಠಾಣೆಗೆ ಬಂದು ಹೇಳಿಕೆ ಬರೆದುಕೊಡಬೇಕಿತ್ತು. ಸೊರಬಕ್ಕೆ ಯಾಕೆ ತಂದಿರಿ ಎಂದು ಮೇಡಂ ಕೇಳಿದಾಗ ಜಯಪ್ಪನವರ ಹೆಸರು ಹೇಳಿದ. ಹೇಳಿದ್ದು ನಿಜವೋ ಎಂದು ನೋಡಲು ಅವರು ಒಬ್ಬ ಕಾನ್‌ಸ್ಟೆಬಲ್‌ನನ್ನು ಕಳಿಸಿ ಜಯಪ್ಪನವರನ್ನು ಕರೆಸಿದರು. ಬಂದವರಿಗೆ ಏನನ್ನೂ ಹೇಳದೆ ಯಂತ್ರವನ್ನು ಮೇಜಿನ ಮೇಲಿಟ್ಟು, ಇದೇನು ಗೊತ್ತೇ ಎಂದಷ್ಟೇ ಕೇಳಿದರು.

ಜಯಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಎರಡೂ ಕೈಯಲ್ಲಿ ಎತ್ತಿಕೊಂಡರು.

“ಗೊತ್ತಿಲ್ದೆ ಏನು ಮೇಡಂ, ಇದು ನಂದೇ. ಹನ್ನೆರಡು ವರ್ಷದ ಹಿಂದೆ ಯಾರೋ ಸ್ಕೂಲ್ ಡೇಗೆ ಬೇಕು ಅಂತ ಇಸ್ಕೊಂಡು ಹೋದವ್ರು ವಾಪಸ್ ಕೊಡ್ಲಿಲ್ಲ. ಎಲ್ಲಿ ಸಿಕ್ತು ನಿಮ್ಗೆ?”

ಮೇಡಂ ನಿಧಾನವಾಗಿ ತಿಪ್ಪೇಶನ ಕಡೆ ತಿರುಗಿದರು. ಈಗ ಬಾಂಬಿನ ಬದಲು ಕಳ್ಳತನ. ಹೆದರಬೇಕಾಗಿದ್ದ ಆ ಗಳಿಗೆಯಲ್ಲಿ ತನಗೆ ಮೊದಲು ಆದದ್ದು ಖುಷಿ ಎಂದು ತಿಪ್ಪೇಶ ಆಮೇಲೆ ನಾಗಶ್ರೀಗೆ ಒಪ್ಪಿಕೊಂಡ. ಮಾಡಿದವರೇ ತಮ್ಮದು ಎಂದ ಮೇಲೆ ಅಳತೆ ಎಲ್ಲೂ ತಪ್ಪಿಲ್ಲ ಎಂದಾಯಿತಲ್ಲ. ಹೆದರಿಕೆ ಅದರ ಹಿಂದೆಯೇ ಬಂತು.

“ಹಿಂದಿನ ಮುಚ್ಚಳ ತಿರುಗಿಸಿ ಒಳಗ ನೋಡ್ರಿ,” ಎಂದು ತಿಪ್ಪೇಶ ಜಯಪ್ಪನವರಿಗೆ ಹೇಳಿದ.

ಜಯಪ್ಪ ಮುಚ್ಚಳ ತಿರುಗಿಸಿದರು. ಒಳಗೆ ತಗಡೂ ಇರಲಿಲ್ಲ, ಬೆಸುಗೆಯೂ ಇರಲಿಲ್ಲ. ಕೊಳವೆಯ ಒಳಮೈಯೆಲ್ಲ ತಿಳಿಗೆಂಪು. ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್ಕಿನಲ್ಲೇ ಅವನು ಇಡೀ ಯಂತ್ರ ಎರಕಹೊಯ್ದಿದ್ದ. ಹೊರಗೆ ಮಾತ್ರ ಬೆಳ್ಳಿ ಬಣ್ಣ. ಜಯಪ್ಪ ಬೆರಳು ಒಳಗೆ ಹಾಕಿ ಸವರಿ ನೋಡಿದರು.

“ಇದಕ್ಕೆ ವಸಡು ಬಂದದಲ್ಲ ಮಾರಾಯ,” ಎಂದರು ಕೊನೆಗೆ. “ನಂದು ತಗಡಿಂದು. ಇದು ನಂದಲ್ಲ ಮೇಡಂ.”

ಬಾಗಿಲಲ್ಲಿ ನಿಂತ ಕಾನ್‌ಸ್ಟೆಬಲ್ ನಕ್ಕುಬಿಟ್ಟ. ಮೇಡಂ ಕೂಡ ನಗು ಅಡಗಿಸಲು ಫೈಲು ಎಳೆದುಕೊಂಡರು. ಇನ್ನು ಮುಂದೆ ಇಂಥದ್ದನ್ನು ಬಸ್ಸಿನಲ್ಲಿ ಒಯ್ಯುವಾಗ ಸೆಲ್ಲು ತೆಗೆದಿಡಬೇಕು, ಚೀಲವನ್ನು ಬಿಟ್ಟು ಇಳಿಯಬಾರದು ಎಂದು ಎಚ್ಚರಿಕೆ ಹೇಳಿ, ಸಹಿ ಹಾಕಿಸಿಕೊಂಡು ಕಳಿಸಿದರು.

ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ಊಟ ಆಗಿದೆಯೇ ಎಂದು ಜಯಪ್ಪ ಕೇಳಿದರು. ಬೆಳಿಗ್ಗೆ ತಿಂದ ಎರಡು ಇಡ್ಲಿ ಬಿಟ್ಟರೆ ಏನೂ ಇರಲಿಲ್ಲ. ಮನೆಗೆ ನಡಿ ಎಂದು ಯಂತ್ರವನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದರು. ದಾರಿಯುದ್ದಕ್ಕೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಂದು ಕಡೆ ನಿಂತೇಬಿಟ್ಟರು.

“ಈ ಮೂರನೇ ಕಿಟಕಿ ಓರೆ ಆಗ್ಯದೆ.”

“ನಿಮ್ದೂ ಓರೆ ಐತಲ್ರೀ. ಸಿನಿಮಾದಾಗ ಕಾಣ್ತದ.”

ಜಯಪ್ಪ ಅವನ ಮುಖ ನೋಡಿದರು. ಬೆಸುಗೆ ಹಾಕುವಾಗ ಕೈ ಜಾರಿತ್ತಂತೆ. ಮರುದಿನವೇ ಚಿತ್ರೀಕರಣ, ಬಿಚ್ಚಿ ಮತ್ತೆ ಕೂರಿಸಲು ಹೊತ್ತಿರಲಿಲ್ಲವಂತೆ. ನಾಯಕನ ಹೆಬ್ಬೆರಳು ಅದರ ಮೇಲೇ ಬರುವಂತೆ ಹಿಡಿಯಲು ತಾವೇ ಹೇಳಿಕೊಟ್ಟಿದ್ದರಂತೆ. ಸಿನಿಮಾ ಬಿಡುಗಡೆಯಾದಾಗ ಥಿಯೇಟರಿನಲ್ಲಿ ಕೂತು, ಯಂತ್ರ ತೆರೆಯ ಮೇಲೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡಿದ್ದರಂತೆ.

“ನಲವತ್ತು ವರ್ಷ ಆತು. ಅದು ಯಾರ ಕಣ್ಣಿಗೂ ಬಿದ್ದಿಲ್ಲ ಅಂದ್ಕೊಂಡಿದ್ದೆ,” ಎಂದರು. “ನೀನು ಅದನ್ನೂ ಹಂಗೇ ಮಾಡಿದೀಯ.”

ತಪ್ಪಾಯಿತೇನೋ ಎಂದುಕೊಂಡ ತಿಪ್ಪೇಶ. ಆದರೆ ಜಯಪ್ಪ ಬೇಸರವಾದವರಂತೆ ಕಾಣಲಿಲ್ಲ. ಬಹಳ ದಿನದಿಂದ ಹೊತ್ತಿದ್ದನ್ನು ಇಳಿಸಿದವರಂತೆ ಹಗುರಾಗಿ ಹೆಜ್ಜೆ ಹಾಕುತ್ತಿದ್ದರು. ಯಂತ್ರ ನಿಮ್ಮ ಹತ್ತಿರವೇ ಇರಲಿ, ನಾನು ಇನ್ನೊಂದು ಮಾಡಿಕೊಳ್ಳುತ್ತೇನೆ ಎಂದು ತಿಪ್ಪೇಶ ಹೇಳಿದರೆ ಬೇಡ ಎಂದರು. ಮನೆಯಲ್ಲಿಟ್ಟರೆ ಮತ್ತೆ ಯಾರಾದರೂ ಕೇಳಿಕೊಂಡು ಬರುತ್ತಾರೆ, ಕೊಡದಿದ್ದರೆ ನಿಷ್ಠುರ, ಆ ತಾಪತ್ರಯವೇ ಬೇಡ ಎಂದರು.

ಮನೆಯಲ್ಲಿ ಅವರ ಹೆಂಡತಿ ಲೋಕಮ್ಮ ಅನ್ನ, ಹುರುಳಿ ಸಾರು ಬಡಿಸಿದರು. ತಿಪ್ಪೇಶ ಮೂರು ಸಲ ಅನ್ನ ಹಾಕಿಸಿಕೊಂಡ. ಉಂಡು ಕೈತೊಳೆದು, ಐದು ನಿಮಿಷ ಎಂದು ಜಗಲಿಯ ಚಾಪೆಯ ಮೇಲೆ ಒರಗಿದವನು ಅಲ್ಲೇ ನಿದ್ದೆಹೋದ. ನಾಗಶ್ರೀ ನಾಲ್ಕನೇ ಸಲ ಫೋನ್ ಮಾಡಿದಾಗ ಲೋಕಮ್ಮ ಎತ್ತಿಕೊಂಡರು. ನಡೆದದ್ದನ್ನೆಲ್ಲ ಹೇಳಿ, ಈಗ ಎಲ್ಲ ಸರಿಹೋಗಿದೆ, ನಿಮ್ಮ ಯಜಮಾನರು ಮಲಗಿದ್ದಾರೆ, ಎಬ್ಬಿಸಲೇ ಎಂದು ಕೇಳಿದರು.



“ಬ್ಯಾಡ್ರಿ,” ಎಂದಳು ನಾಗಶ್ರೀ. “ಮಲಗ್ಲಿ ಬಿಡ್ರಿ.”